ಕಂಡಿಕೆ ಸುತ್ತಿದವರ ಕೂಲಿ

ಗುಳೇದಗುಡ್ಡದ ಖಣಕ್ಕೆ ನಮ್ಮ ಭಾಗದ ಮನೆಗಳಲ್ಲಿ ಎರಡು ಬದುಕು. ಇಳಕಲ್ ಸೀರೆಯ ಜೋಡಿ ಕುಪ್ಪಸವಾಗಿ ಮೈಮೇಲೆ ಇರುವುದು ಒಂದು. ಉಡಿ ತುಂಬುವಾಗ ಅಕ್ಕಿ, ತೆಂಗಿನಕಾಯಿ, ಎಲೆ-ಅಡಿಕೆಯ ಜೊತೆ ತ್ರಿಕೋನವಾಗಿ ಮಡಚಿದ ತುಂಡಾಗಿ ಸೆರಗಿಗೆ ಬೀಳುವುದು ಇನ್ನೊಂದು. ಈ ಎರಡನೆಯದರ ಮಡಿಕೆಯನ್ನು ಎಷ್ಟೋ ಮನೆಗಳಲ್ಲಿ ಬಿಚ್ಚುವುದೇ ಇಲ್ಲ. ಮದುವೆಯಲ್ಲಿ ಬಂದದ್ದು ಸೀಮಂತಕ್ಕೆ, ಅಲ್ಲಿಂದ ಮತ್ತೊಬ್ಬರ ಮನೆಗೆ. ಕೊಡಲಿಕ್ಕೆ ಕೊಳ್ಳುವವರು ದರ ಕೇಳುತ್ತಾರೆ. ತೊಡಲಿಕ್ಕೆ ಕೊಳ್ಳುವವರು ಬಟ್ಟೆ ಮುಟ್ಟಿ ನೋಡುತ್ತಾರೆ. ಬರೀ ಕೊಡುವುದಕ್ಕಾದರೆ ಪವರ್‌ಲೂಮಿನ ಪಾಲಿಯೆಸ್ಟರ್ ತುಂಡು ಸಾಕಲ್ಲ? ಕೈಮಗ್ಗದವರಿಗೆ ನ್ಯಾಯದ ಬೆಲೆ ಸಿಗಬೇಕಾದರೆ ಅವರ ಬಟ್ಟೆ ದಿನಬಳಕೆಗೆ ಬರಬೇಕು ಎಂದು ನಾನು ಹೇಳುವುದು ಇದಕ್ಕೇ.

ಈಗೀಗ ಖಣ ದಿಂಬಿನ ಕವರು, ಕೈಚೀಲ, ಬಾಗಿಲ ತೋರಣವಾಗಿ ಪೇಟೆಗೆ ಬರುತ್ತಿದೆ. ತೇರಿನ ಚಿತ್ರವಿರುವ ಬಟ್ಟೆಗೆ ಬೆನ್ನು ಕೊಟ್ಟು ಕೂಡುವುದೇ ಎಂದು ಹಿರಿಯರು ಮುಖ ಸಿಂಡರಿಸಿದರೆ ಅದರಲ್ಲೂ ಅರ್ಥವಿದೆ. ತೇರು ಬೇಡವೆಂದರೆ ಕ್ಯಾದಗಿಯ ವಿನ್ಯಾಸ ಇದೆ, ಸೂಜಿ ಮಲ್ಲಿಗೆಯದೂ ಇದೆ. ಆದರೆ ಪೂಜೆಗೂ ಹಬ್ಬಕ್ಕೂ ಮಾತ್ರ ಮೀಸಲಾದ ಕಸುಬಿನ ಗತಿ ಏನಾಗುತ್ತದೆ ಎನ್ನುವುದಕ್ಕೆ ದೂರದ ಬೆತ್ಲೆಹೆಮ್ಮನ್ನು ನೋಡಬಹುದು. ಅಲ್ಲಿನ ಆಲಿವ್ ಮರದ ಕೆತ್ತನೆಗಾರರು ಯಾತ್ರಿಕರಿಗೆ ಶಿಲುಬೆ, ಗೋದಲಿಯ ಗೊಂಬೆ ಮಾರಿ ಬದುಕಿದವರು. 2023ರಲ್ಲಿ ಗಾಜಾದ ಯುದ್ಧ ಶುರುವಾಗಿ ಯಾತ್ರಿಕರು ಬರುವುದು ನಿಂತಿತು. ಆ ವರ್ಷ ಊರಿನಲ್ಲಿ ಕ್ರಿಸ್ಮಸ್ ಸಂಭ್ರಮವೇ ನಡೆಯಲಿಲ್ಲ. ಅದೇ ಮರದ ಸೌಟು, ಬಟ್ಟಲುಗಳು ನ್ಯಾಯ ವ್ಯಾಪಾರದ (ಫೇರ್ ಟ್ರೇಡ್) ಸಂಸ್ಥೆಗಳ ಮೂಲಕ ಹೊರದೇಶಗಳ ಅಡುಗೆಮನೆಗೂ ಹೋಗುತ್ತವೆ. ಸೌಟಿಗೆ ಹಬ್ಬ ಬೇಕಿಲ್ಲ.

ಹಾಗಂತ ಚೀಲ ಮಾರಾಟವಾದರೆ ಮಗ್ಗದ ಮನೆ ಉದ್ಧಾರವಾಯಿತೆಂದು ತಿಳಿಯಬಾರದು. ಬೆಂಗಳೂರಿನ ಅಂಗಡಿಯಲ್ಲಿ ಆ ಚೀಲಕ್ಕೆ ಹಾಕಿದ ಬೆಲೆಯಲ್ಲಿ ಹೊಲಿಗೆ, ಜಿಪ್ಪು, ಡಿಸೈನು, ಬಾಡಿಗೆ, ಕಮಿಷನ್ ಎಲ್ಲವೂ ಸೇರಿವೆ. ಖಣದ ಪಾಲೆಷ್ಟು? ಆ ಪಾಲಿನಲ್ಲಿ ನೇಯ್ದವರದೆಷ್ಟು? ಸಾಹುಕಾರರು ನೂಲು ಕೊಡುತ್ತಾರೆ, ನೇಕಾರರು ನೇಯ್ದು ಒಪ್ಪಿಸಿ ಕೂಲಿ ಪಡೆಯುತ್ತಾರೆ. ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯುವವರ ಪಕ್ಕದಲ್ಲಿ ಹೆಂಡತಿಯೋ ತಾಯಿಯೋ ರಾಟಿ ತಿರುಗಿಸಿ ಹೊಕ್ಕಿನ ನೂಲಿನ ಕಂಡಿಕೆ ಸುತ್ತುತ್ತಿರುತ್ತಾರೆ. ಲಾಳಿಯೊಳಗಿನ ಕಂಡಿಕೆ ಮುಗಿದರೆ ಮಗ್ಗ ನಿಂತಂತೆಯೇ. ಆದರೂ ಕೂಲಿಯ ಲೆಕ್ಕ ನಡೆಯುವುದು ನೇಯ್ದು ಮುಗಿದ ಖಣದ ಮೇಲೆ; ಸುತ್ತಿದವರ ದುಡಿಮೆ ಮನೆಗೆಲಸದ ಜೊತೆ ಕರಗಿಹೋಗುತ್ತದೆ. ಗುಳೇದಗುಡ್ಡ ಖಣಕ್ಕೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ, ಸಂತೋಷ. ಅದು ಊರಿನ ಹೆಸರನ್ನು ಕಾಯುತ್ತದೆ, ಕೂಲಿಯನ್ನಲ್ಲ.

ಬೆಲೆ ಏರಿದರೆ ಕೊಳ್ಳುವವರೇ ಇಲ್ಲದಂತಾಗುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಅದು ಹಳೆಯದು. 1935ರಲ್ಲಿ ನೂಲುವವರಿಗೆ ಹೊಟ್ಟೆ ತುಂಬುವಷ್ಟು ಕೂಲಿ ಕೊಡಲೇಬೇಕೆಂದು ಗಾಂಧೀಜಿ ಪಟ್ಟು ಹಿಡಿದಾಗ, ಖಾದಿ ದುಬಾರಿಯಾಗಿ ಮಾರಾಟ ಕುಸಿಯುತ್ತದೆಂದು ಖಾದಿ ಕೆಲಸದಲ್ಲಿದ್ದವರಲ್ಲೇ ಹಲವರು ಹೆದರಿದ್ದರು. ಅಖಿಲ ಭಾರತ ಚರಕಾ ಸಂಘ ಕೂಲಿಯನ್ನು ಏರಿಸಿಯೇ ಏರಿಸಿತು. ಬಡವರ ಹೊಟ್ಟೆ ಹೊಡೆದು ಅಗ್ಗವಾದ ಬಟ್ಟೆಯನ್ನು ಬಡವರ ಉದ್ಧಾರದ ಹೆಸರಿನಲ್ಲಿ ಮಾರುವುದು ಹೇಗೆ? ಆ ಪ್ರಶ್ನೆ ಇವತ್ತಿನ ಖಣದ ಚೀಲಕ್ಕೂ ಸಲ್ಲುತ್ತದೆ. ಅಂದಹಾಗೆ ಪವರ್‌ಲೂಮಿನಲ್ಲಿ ದುಡಿಯುವವರೂ ಕೂಲಿಕಾರರೇ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅಲ್ಲಿ ನೇಯ್ದದ್ದನ್ನು ಕೈಮಗ್ಗದ್ದೆಂದು ಮಾರುವವರ ಮೇಲಿದೆ.

ಕೊನೆಗೆ ಅಗಲದ ಮಾತು. ಖಣ ಕುಪ್ಪಸದ ಅಳತೆಗೆಂದು ಹುಟ್ಟಿದ ಬಟ್ಟೆ. ಪರದೆ, ಹಾಸಿಗೆಯ ಹೊದಿಕೆ ಬೇಕೆಂದರೆ ಅಗಲದ ಮಗ್ಗ, ಹೊಸ ಹಣಿಗೆ ಬೇಕು. ಆ ಖರ್ಚು ಯಾರದು? ಕರಕುಶಲ ವಸ್ತುಗಳಿಗೆ ಆರ್ಡರ್ ಕೊಡುವಾಗ, ಕೇಳಿದವರಿಗೆ ಕನಿಷ್ಠ ಅರ್ಧ ಹಣವನ್ನು ಬಡ್ಡಿಯಿಲ್ಲದೆ ಮುಂಗಡ ಕೊಡಬೇಕೆಂದು ವಿಶ್ವ ನ್ಯಾಯ ವ್ಯಾಪಾರ ಸಂಘಟನೆಯ ನಿಯಮ ಹೇಳುತ್ತದೆ. ನೇಕಾರರ ಓಣಿಗಳಿಗೆ ಮುಂಗಡ ಹೊಸದಲ್ಲ. ಮಗಳ ಮದುವೆಗೆ, ಆಸ್ಪತ್ರೆಗೆ ಪಡೆದ ಹಣ ತೀರುವವರೆಗೆ ಅದೇ ಸಾಹುಕಾರರಿಗೆ, ಅವರು ಹೇಳಿದ ಕೂಲಿಗೆ ನೇಯಬೇಕಾಗುವ ಮುಂಗಡ ಅದು. ಬಟ್ಟೆ ಒಪ್ಪಿಸಿದ ದಿನವೇ ಚುಕ್ತಾ ಆಗಿ, ಮುಂದಿನ ಆರ್ಡರನ್ನು ಬೇರೆಯವರಿಂದ ಹಿಡಿಯಲು ಬಿಡುವ ಮುಂಗಡ ಬೇರೆ. ಖಣದ ದಿಂಬಿಗೆ ನ್ಯಾಯ ವ್ಯಾಪಾರದ ಚೀಟಿ ಅಂಟಿಸುವವರನ್ನು, ನೀವು ಕೊಟ್ಟದ್ದು ಇವೆರಡರಲ್ಲಿ ಯಾವುದು ಎಂದು ಕೇಳಬೇಕು.