ಟೆರೇಸ್ ಡೈರಿ 9: ವೌಚರ್ ಇಲ್ಲದ ಗ್ಯಾಲಕ್ಸಿ

ಮೊದಲು ಒಂದು ತಪ್ಪೊಪ್ಪಿಗೆ.

ಹೋದ ವಾರದ ಪೋಸ್ಟ್ ನೆನಪಿದ್ಯಾ? "ಮತ್ತಿಕೆರೆ ಟೆರೇಸಿಂದ ಹೊಸ ಗ್ಯಾಲಕ್ಸಿ ಸಿಕ್ತು!" ಅಂತ ಬಾಣದ ಗುರುತು ಬೇರೆ ಹಾಕಿದ್ದೆ. ಈ ಅಕೌಂಟಿಗೆ ಅಷ್ಟು ಲೈಕ್ ಯಾವತ್ತೂ ಬಂದಿರಲಿಲ್ಲ. ಕ್ಲಾಸಲ್ಲಿ ಎರಡು ದಿನ ಎಲ್ಲರೂ ನನ್ನ "ಸೈಂಟಿಸ್ಟು" ಅಂತಲೇ ಕರೆದ್ರು.

ಅದು ಹೊಸದಲ್ಲ. ಅದರ ಹೆಸರು ಎನ್‌ಜಿಸಿ 4402. ಡ್ರೇಯರ್ ಅನ್ನೋ ಖಗೋಳಜ್ಞ 1888ರಲ್ಲಿ 7,840 ಆಕಾಶಕಾಯಗಳ ಪಟ್ಟಿ ಪ್ರಕಟಿಸಿದ್ರು, ಅದ್ರಲ್ಲೇ ಇದೆ. ನನ್ನ ಫೋನಿನ ಆ್ಯಪಲ್ಲಿ ಕಾಣಿಸ್ಲಿಲ್ಲ, ಅಷ್ಟಕ್ಕೇ ಯಾರಿಗೂ ಗೊತ್ತಿಲ್ಲ ಅಂದ್ಕೊಂಡುಬಿಟ್ಟೆ. ಜೂನಿಯರ್ ಒಬ್ಬಳು "ಅಕ್ಕಾ, ಕೋಆರ್ಡಿನೇಟ್ಸ್ ಏನು?" ಅಂತ ಕೇಳಿದಾಗ ನನ್ನ ಹತ್ರ ಉತ್ತರವೇ ಇರಲಿಲ್ಲ.

ಫೋಟೊ ಸುಳ್ಳಲ್ಲ. ಮತ್ತಿಕೆರೆ ಇರೋದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಎಂ 86 ಅನ್ನೋ ದೊಡ್ಡ ಗ್ಯಾಲಕ್ಸಿ ಆಕಾಶದಲ್ಲಿ ಇರೋದೂ ಹೆಚ್ಚುಕಮ್ಮಿ ಅದೇ 13 ಡಿಗ್ರೀಲಿ. ಹಾಗಾಗಿ ಏಪ್ರಿಲ್ ಮಧ್ಯದಲ್ಲಿ, ರಾತ್ರಿ ಹನ್ನೊಂದು ದಾಟಿದ ಮೇಲೆ, ಅದು ನಮ್ಮ ನೀರಿನ ಟ್ಯಾಂಕಿನ ಸರಿ ನೆತ್ತಿ ಮೇಲೆ ಬರತ್ತೆ. ಈ ಬೀದಿದೀಪಗಳ ನಡುವೆ ಕಣ್ಣಿಗೆ ಏನೂ ಕಾಣಲ್ಲ. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ, 250 ಎಂಎಂ ಲೆನ್ಸ್, ಒಂದು ಟ್ರೈಪಾಡ್. ಒಂದೊಂದು ಸೆಕೆಂಡಿನ 1,500 ಫೋಟೊ. ಭೂಮಿ ತಿರುಗ್ತಾನೇ ಇರತ್ತಲ್ಲ, ಎರಡು ಮೂರು ನಿಮಿಷಕ್ಕೊಮ್ಮೆ ಕ್ಯಾಮೆರಾನೂ ತಿರುಗಿಸ್ಬೇಕು. ಕೆಳಗಿಂದ ಅಮ್ಮ, "ಒಬ್ಳೇ ಏನೇ ಮಾಡ್ತಿದೀಯ ಇಷ್ಟೊತ್ತಲ್ಲಿ?" ಆಮೇಲೆ ಎಲ್ಲಾನೂ ಸಿರಿಲ್ ಅನ್ನೋ ಉಚಿತ ಸಾಫ್ಟ್‌ವೇರಲ್ಲಿ ಒಂದರ ಮೇಲೊಂದು ಕೂಡಿಸಿದ್ರೆ, ಎರಡು ಮಸುಕು ಉಂಡೆ, ಪಕ್ಕದಲ್ಲಿ ಒಂದು ಸಣ್ಣ ಗೀಟು. ಆ ಗೀಟೇ 4402.

ಈಗ ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ: ಗುರುತಿಸದೆ ಹಾಕಿದ ಆಕಾಶದ ಫೋಟೊ, ವೌಚರ್ ಇಲ್ಲದ ಎಂಟ್ರಿ. ಬಿಕಾಂ ಓದೋರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಡ.

"ಇದೇನು ಲ್ಯಾಬಾ? ಚೆನ್ನಾಗಿದ್ರೆ ಸಾಕಲ್ವಾ?" ಅಂತೀರ. ಸಾಲಲ್ಲ. ಹೆಸರು ಗೊತ್ತಾಗೋ ತನಕ ನನ್ನ ಹತ್ರ ಇದ್ದಿದ್ದು ಒಂದು ಗೀಟು ಮಾತ್ರ. ಹೆಸರು ಸಿಕ್ಕಿದ ಮೇಲೆ ಅದರ ಕತೆ ಸಿಕ್ತು. ಸುಮಾರು 5 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ, ನೂರಾರು ಗ್ಯಾಲಕ್ಸಿಗಳ ಗುಂಪಿನೊಳಗೆ, ಬಿಸಿ ಅನಿಲದ ನಡುವೆ 4402 ನುಗ್ತಾ ಇದೆ. ಬೈಕಲ್ಲಿ ಹೋಗುವಾಗ ದುಪಟ್ಟಾ ಹಿಂದಕ್ಕೆ ಹಾರೋ ಹಾಗೆ ಅದರ ಸ್ವಂತ ಅನಿಲ ಹಿಂದಕ್ಕೆ ಕಿತ್ಕೊಂಡು ಹೋಗ್ತಿದೆ. ಅನಿಲ ಖಾಲಿ ಆದ್ರೆ ಹೊಸ ನಕ್ಷತ್ರ ಹುಟ್ಟಲ್ಲ. "ಹೊಸದು ಸಿಕ್ತು" ಅಂತ ಕುಣಿಯೋ ಭರದಲ್ಲಿ ಇಷ್ಟೂ ನನ್ನ ಕೈ ತಪ್ಪೋದ್ರಲ್ಲಿತ್ತು.

ಗುರುತಿಸೋದು ಕಷ್ಟವೂ ಅಲ್ಲ. ಫೋಟೊನ ಆಸ್ಟ್ರೋಮೆಟ್ರಿ ಡಾಟ್ ನೆಟ್‌ಗೆ ಹಾಕಿ. ನಕ್ಷತ್ರಗಳ ವಿನ್ಯಾಸ ಹೋಲಿಸಿ, ಆಕಾಶದ ಯಾವ ಜಾಗ ಅಂತ ಅದೇ ಹೇಳತ್ತೆ. ಆ ಜಾಗನ ಅಲಾದಿನ್ ಆಕಾಶನಕ್ಷೆಯಲ್ಲಿ ತೆರೆದು, ಸಿಂಬಾಡ್ ಪಟ್ಟಿ ಆನ್ ಮಾಡಿ ನೋಡಿ. ಅಲ್ಲೂ ಇಲ್ವಾ? ಕ್ಯಾಮೆರಾ ಸ್ವಲ್ಪ ಸರಿಸಿ ಇನ್ನೊಂದು ರಾತ್ರಿ ತೆಗೀರಿ. ನಕ್ಷತ್ರಗಳ ನಡುವೆ ಅದು ಜಾಗ ಬದಲಿಸಿದ್ರೆ ಗ್ಯಾಲಕ್ಸಿ ಅಲ್ಲ. ಬಹುಶಃ ನಿಮ್ಮ ಲೆನ್ಸಿನೊಳಗಿನ ಪ್ರತಿಫಲನ.

"ಹಾಗಾದ್ರೆ ನಮ್ಮಂಥೋರು ಹೊಸದು ಕಂಡುಹಿಡಿಯೋದೇ ಇಲ್ವಾ?" ಕಂಡುಹಿಡಿದಿದಾರೆ. 2007ರಲ್ಲಿ ಗ್ಯಾಲಕ್ಸಿ ಝೂ ಯೋಜನೆಯ ಚಿತ್ರಗಳನ್ನ ನೋಡ್ತಿದ್ದ ಡಚ್ ಶಾಲಾ ಟೀಚರ್ ಹ್ಯಾನಿ ವಾನ್ ಆರ್ಕೆಲ್ ಒಂದು ಗ್ಯಾಲಕ್ಸಿ ಪಕ್ಕದ ವಿಚಿತ್ರ ನೀಲಿ ಕಲೆ ತೋರಿಸಿ "ಇದೇನು?" ಅಂತ ಕೇಳಿದ್ರು. ಇವತ್ತು ಅದಕ್ಕೆ ಅವರದ್ದೇ ಹೆಸರು. ನಮ್ಮ ದೇಶದಲ್ಲೇ ಆನಂದ ಹೋತಾ 2013ರಲ್ಲಿ ಶುರು ಮಾಡಿದ ರ‍್ಯಾಡ್ ಅಟ್ ಹೋಮ್ ಇದೆ. ಪುಣೆ ಹತ್ರದ ಜಿಎಂಆರ್‌ಟಿ ರೇಡಿಯೊ ದೂರದರ್ಶಕದ ಮಾಹಿತಿನೂ ಬಳಸಿ ಅಲ್ಲಿ ಸಾಮಾನ್ಯ ಜನರಿಗೆ ಗ್ಯಾಲಕ್ಸಿ ಓದೋದು ಕಲಿಸ್ತಾರೆ. ಅಲ್ಲಿಂದ ಬಂದ ರ‍್ಯಾಡ್ 12 ಅನ್ನೋ ಗ್ಯಾಲಕ್ಸಿಯ ಶೋಧ 2022ರಲ್ಲಿ ಪ್ರಕಟವಾಯ್ತು.

ವ್ಯತ್ಯಾಸ ನೋಡಿ. ಹ್ಯಾನಿ "ಇದೇನು?" ಅಂತ ಕೇಳಿದ್ರು. ನಾನು "ನಂಗೆ ಸಿಕ್ತು" ಅಂತ ಕೂಗಿದೆ.

ಆ ಹಳೇ ಪೋಸ್ಟ್ ಡಿಲೀಟ್ ಮಾಡಲ್ಲ. ಲೆಕ್ಕದಲ್ಲಿ ತಪ್ಪಾದ್ರೆ ಪುಟ ಹರಿಯಲ್ಲ, ರೆಕ್ಟಿಫಿಕೇಶನ್ ಎಂಟ್ರಿ ಹಾಕ್ತೀವಿ. ಇದೇ ಆ ಎಂಟ್ರಿ. ಲೈಕ್ ಕಮ್ಮಿ ಬರತ್ತೆ ಅಂತ ಗೊತ್ತು, ಪರವಾಗಿಲ್ಲ.

ವೌಚರ್: ಎನ್‌ಜಿಸಿ 4402, ಕನ್ಯಾ ರಾಶಿ. ಆರ್‌ಎ 12 ಗಂ 26 ನಿ, ಡೆಕ್ +13° 07′. ಮತ್ತಿಕೆರೆ ಟೆರೇಸ್, 1 ಸೆಕೆಂಡ್ × 1,500.

ನಿಮ್ಮ ಗ್ಯಾಲರಿಯಲ್ಲೂ ಹೆಸರಿಲ್ಲದ ಚುಕ್ಕೆ ಇದ್ರೆ ಕಳಿಸಿ. ಒಟ್ಟಿಗೆ ಹುಡುಕೋಣ.

#ಟೆರೇಸ್‌ಡೈರಿ #ಮತ್ತಿಕೆರೆ #ಇದೇನು