ಸೋಲು ಗೊತ್ತಿದ್ದೂ ಆಡುವ ಆಟ

ಕಳೆದ ಸೆಮಿಸ್ಟರ್‌ನಲ್ಲಿ ನಾವು ಐದು ಜನ ಸೇರಿ ಬ್ರಿಟಿಷರನ್ನು ಸೋಲಿಸಿಬಿಟ್ಟೆವು. ಹಾಸ್ಟೆಲ್ ರೂಮಿನಲ್ಲಿ, ರಾತ್ರಿ ಒಂದೂವರೆಗೆ, ಇಪ್ಪತ್ತು ಮುಖದ ಒಂದು ದಾಳದಿಂದ. 1837ರ ಏಪ್ರಿಲ್ ತಿಂಗಳು, ಮಂಗಳೂರಿನ ಕಡಲಲ್ಲಿ ಕಂಪನಿಯ ಹಡಗು ಬರುತ್ತಾ ಉಂಟು, ನಮ್ಮಲ್ಲೊಬ್ಬ ಬೆಂಕಿಬಾಣ ಬಿಡುತ್ತೇನೆ ಅಂದ, ದಾಳ ಉರುಳಿಸಿದ, ಇಪ್ಪತ್ತು ಬಿತ್ತು. ಹಡಗು ಮುಳುಗಿತು. ನಾವು ಕೂಗಿದ ಕೂಗಿಗೆ ವಾರ್ಡನ್ ಬಂದು ಬೈದು ಹೋದರು.

ಒಬ್ಬ ಮಾತ್ರ ಕೂಗಲಿಲ್ಲ. ಅವನ ಮನೆ ಸುಳ್ಯದ ಕಡೆ. "ನಮ್ಮಲ್ಲಿ ಈ ಕತೆ ಹೇಳುವಾಗ ಕೊನೆಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ ಮಾರಾಯ" ಅಂದ, ಚಾದರ ಎಳೆದುಕೊಂಡು ಮಲಗಿದ. ಆ ಒಂದು ಮಾತಿಗೆ ನಮ್ಮ ನಲವತ್ತೆರಡು ಪುಟದ ರೂಲ್‌ಬುಕ್ ಢಮಾರ್ ಆಯಿತು.

ಗೊತ್ತಿಲ್ಲದವರಿಗೆ ಎರಡು ಮಾತು. ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಅಂದರೆ ನಾಲ್ಕೈದು ಜನ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಬಾಯಲ್ಲೇ ಕತೆ ಕಟ್ಟುತ್ತಾ ಆಡುವ ಆಟ. ಒಬ್ಬರು ಗೇಮ್ ಮಾಸ್ಟರ್, ಉಳಿದವರು ಪಾತ್ರಗಳು. ಕೆಲಸ ಆಯಿತೋ ಇಲ್ಲವೋ ಅನ್ನುವುದನ್ನು ಹೆಚ್ಚಾಗಿ ದಾಳ ಹೇಳುತ್ತದೆ. 1974ರಲ್ಲಿ ಅಮೆರಿಕದಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಇದಕ್ಕೆಲ್ಲ ದೊಡ್ಡಣ್ಣ. ಅದರ ನಿಯಮ ಪುಸ್ತಕಗಳು ನಮ್ಮ ಥರ್ಮೊಡೈನಾಮಿಕ್ಸ್ ಟೆಕ್ಸ್ಟ್‌ಬುಕ್‌ಗಿಂತ ತೂಕ. ಈಗ ಒಂದೇ ಪುಟದಲ್ಲಿ ಮುಗಿಯುವ ಪುಟ್ಟ ಆಟಗಳನ್ನು ಮಾಡುವವರೂ ಬೇಕಾದಷ್ಟು ಜನ ಇದ್ದಾರೆ. ಅಂಥದ್ದನ್ನು ಯಾರು ಬೇಕಾದರೂ ಬರೆಯಬಹುದು, ಜೆರಾಕ್ಸ್ ಮಾಡಿ ಹಂಚಬಹುದು. ನಮ್ಮ ವಾದ ಇಂಥ ಪುಟ್ಟ ಆಟಗಳ ಬಗ್ಗೆ, ಅದರಲ್ಲೂ ಚರಿತ್ರೆಯನ್ನು ಇಟ್ಟುಕೊಂಡು ಮಾಡುವ ಆಟಗಳ ಬಗ್ಗೆ: ಕೊನೆಯನ್ನು ದಾಳದ ಕೈಗೆ ಕೊಡಬಾರದು. ಕೊನೆ ಏನಾಯಿತೋ ಅದೇ ಇರಲಿ. ಆಟ ಮಾತಿನಲ್ಲಿ ನಡೆಯಲಿ.

ಇದು ನಮಗೆ ಹೊಳೆದದ್ದು ಯಾವುದೇ ಗೇಮ್ ಡಿಸೈನ್ ವಿಡಿಯೋ ನೋಡಿ ಅಲ್ಲ. ರೂಲ್‌ಬುಕ್ ಢಮಾರ್ ಆದ ಮೇಲಿನ ವಾರ ಧರ್ಮಸ್ಥಳದ ಹತ್ತಿರದ ಒಂದು ಹಳ್ಳಿಯ ಹಾಲ್‌ನಲ್ಲಿ ತಾಳಮದ್ದಳೆ ಇತ್ತು. ಕ್ಲಾಸ್‌ಮೇಟ್ ಒಬ್ಬಳ ಅಜ್ಜನದ್ದು ಅರ್ಥಗಾರಿಕೆ, ಊಟ ಉಂಟು ಅಂತ ಬೇರೆ ಹೇಳಿದಳು, ಹೋದೆವು. ಈ ಕಡೆಯವರಿಗೆ ತಾಳಮದ್ದಳೆ ಹೊಸತಲ್ಲ, ಬಯಲುಸೀಮೆಯಿಂದ ಬಂದವರಿಗಾಗಿ ಹೇಳುತ್ತೇವೆ: ಯಕ್ಷಗಾನದಿಂದ ವೇಷ, ಕುಣಿತ, ರಂಗಸ್ಥಳ ಎಲ್ಲ ತೆಗೆದುಹಾಕಿ. ಉಳಿಯುವುದು ಭಾಗವತರು, ಮದ್ದಳೆ, ಚೆಂಡೆ, ಮತ್ತು ಪಂಚೆ ಶಾಲಿನಲ್ಲಿ ಎದುರುಬದುರು ಕೂತ ನಾಲ್ಕೈದು ಅರ್ಥಧಾರಿಗಳು. ಭಾಗವತರು ಪ್ರಸಂಗದ ಒಂದು ಪದ್ಯ ಹಾಡುತ್ತಾರೆ, ಆ ಪದ್ಯದ ಎಳೆ ಹಿಡಿದು ಅರ್ಥಧಾರಿ ಆ ಪಾತ್ರವಾಗಿ ಮಾತಾಡುತ್ತಾನೆ. ಆ ಮಾತು ಬರೆದಿಟ್ಟದ್ದಲ್ಲ. ಎದುರಿನವರು ಏನು ಕೇಳುತ್ತಾರೆ ಅಂತ ಇವರಿಗೆ ಗೊತ್ತಿಲ್ಲ, ಇವರು ಏನು ಹೇಳುತ್ತಾರೆ ಅಂತ ಅವರಿಗೆ ಗೊತ್ತಿಲ್ಲ.

ಅವತ್ತಿನದು ವಾಲಿಮೋಕ್ಷ. ಮರದ ಮರೆಯಿಂದ ಬಾಣ ಬಿಟ್ಟ ರಾಮನನ್ನು ಬಿದ್ದಲ್ಲಿಂದಲೇ ವಾಲಿ ಪ್ರಶ್ನೆ ಕೇಳುತ್ತಾನೆ. ಈ ಪಾತ್ರಕ್ಕೆ ಶೇಣಿ ಗೋಪಾಲಕೃಷ್ಣ ಭಟ್ಟರು ಎಷ್ಟು ಹೆಸರಾದವರು ಅಂದರೆ, ಅವರು ಹೋಗಿ ಇಷ್ಟು ವರ್ಷವಾದರೂ ಈಗಿನವರ ವಾಲಿಯನ್ನು ಜನ ಅವರ ಜೊತೆ ಹೋಲಿಸದೆ ಬಿಡುವುದಿಲ್ಲ. ಹಾಲ್‌ನಲ್ಲಿ ಕೂತ ಪ್ರತಿಯೊಬ್ಬರಿಗೂ ವಾಲಿ ಸಾಯುತ್ತಾನೆ ಅಂತ ಗೊತ್ತು. ಹಿಂದಿನ ಸಾಲಿನಲ್ಲಿ ಐಸ್‌ಕ್ರೀಮ್ ತಿನ್ನುತ್ತಿದ್ದ ಮಗುವಿಗೂ ಗೊತ್ತು. ಆದರೂ ವಾಲಿ ಒಂದು ಪ್ರಶ್ನೆ ಕೇಳಿ ನಿಲ್ಲಿಸಿದಾಗ, ರಾಮನ ಪಾತ್ರದವರು ಉತ್ತರಕ್ಕೆ ಒಂದು ಕ್ಷಣ ತಡೆದಾಗ, ಇಡೀ ಹಾಲ್ ಮುಂದಕ್ಕೆ ಬಾಗಿತು. ನಾವು ಪರಸ್ಪರ ಮುಖ ನೋಡಿಕೊಂಡೆವು. ನಮ್ಮ ದಾಳದಾಟದಲ್ಲಿ ಮೂರು ಗಂಟೆಯಲ್ಲಿ ಒಮ್ಮೆಯೂ ಹೀಗೆ ಆಗಿರಲಿಲ್ಲ.

ಇಂಜಿನಿಯರಿಂಗ್ ಬುದ್ಧಿ, ವಾಪಸ್ ಬರುವಾಗ ಬಸ್ಸಲ್ಲೇ ಅದನ್ನು ಬಿಚ್ಚಿ ನೋಡಲು ಕೂತೆವು. ಪ್ರಸಂಗ ಅಂದರೆ ಗೇಮ್ ಮಾಡ್ಯೂಲ್. ಪೀಠಿಕೆ ಅಂದರೆ ಕ್ಯಾರೆಕ್ಟರ್ ಶೀಟ್, ವ್ಯತ್ಯಾಸ ಇಷ್ಟೇ, ಅದನ್ನು ತುಂಬಿಸುವುದಲ್ಲ, ಎಲ್ಲರೆದುರು ಹೇಳಬೇಕು. ಭಾಗವತರೇ ಗೇಮ್ ಮಾಸ್ಟರ್, ಮತ್ತು ಅವರ ಕೈಯಲ್ಲಿ ಯಾವ ಅಮೆರಿಕನ್ ಗೇಮ್ ಮಾಸ್ಟರ್‌ಗೂ ಇಲ್ಲದ ಒಂದು ಅಸ್ತ್ರ ಉಂಟು. ಯಾರಾದರೂ ಮಾತು ಎಳೆದರೆ, ದಾರಿ ತಪ್ಪಿದರೆ, ಅವರು ಮುಂದಿನ ಪದ್ಯ ಎತ್ತುತ್ತಾರೆ. ಅಲ್ಲಿಗೆ ಮುಗಿಯಿತು. ಯಾರಿಗೂ ಅವಮಾನವಿಲ್ಲ, ಜಗಳವಿಲ್ಲ. ಯಕ್ಷಗಾನದಲ್ಲಿ ಭಾಗವತರನ್ನು ಮೊದಲ ವೇಷ ಅನ್ನುವುದು ಸುಮ್ಮನೆ ಅಲ್ಲ.

ಈಗ 1837. ಪಠ್ಯದಲ್ಲಿ ಎರಡು ಸಾಲು ಓದಿರಬಹುದು. 1834ರಲ್ಲಿ ಕಂಪನಿ ಕೊಡಗಿನ ರಾಜ ಚಿಕ್ಕವೀರರಾಜೇಂದ್ರನನ್ನು ಇಳಿಸಿತು, ಅವನ ಕೈಯಲ್ಲಿದ್ದ ಅಮರಸುಳ್ಯ, ಪುತ್ತೂರಿನ ಸೀಮೆ ಕೆನರಾ ಜಿಲ್ಲೆಗೆ ಸೇರಿತು. ಮೊದಲು ಬೆಳೆಯಲ್ಲೇ ಕಂದಾಯ ಕೊಡುತ್ತಿದ್ದ ರೈತ ಈಗ ನಗದು ಕೊಡಬೇಕು. ಭತ್ತ ಇದ್ದವನ ಕೈಯಲ್ಲಿ ದುಡ್ಡೆಲ್ಲಿಂದ? 1837ರ ಮಾರ್ಚ್ 30ಕ್ಕೆ ಬೆಳ್ಳಾರೆಯ ಖಜಾನೆ ರೈತರ ಕೈಗೆ ಬಂತು. ಪುತ್ತೂರು, ಪಾಣೆಮಂಗಳೂರು ದಾಟಿ ಏಪ್ರಿಲ್ 5ಕ್ಕೆ ಮಂಗಳೂರು. ಬಾವುಟಗುಡ್ಡೆಯಲ್ಲಿ ಅವರ ಬಾವುಟ ಹಾರಿತು. ಹದಿಮೂರು ದಿನ. ಆಮೇಲೆ ಕಂಪನಿಯ ಪಡೆ ಬಂತು, ಮುಂದಾಳುಗಳು ನೇಣಿಗೆ ಹೋದರು. ಇದನ್ನು ಮೊದಲು ಸಂಘಟಿಸಿದ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಈಗ ಅದೇ ಬಾವುಟಗುಡ್ಡೆಯಲ್ಲಿ ಉಂಟು, 2022ರಲ್ಲಿ ನಿಲ್ಲಿಸಿದ್ದು. ಜನರ ಬಾಯಲ್ಲಿ ಬಹಳ ಕಾಲ ಉಳಿದ ಹೆಸರು ಮಾತ್ರ ಕಲ್ಯಾಣಪ್ಪನ ಕಾಟಕಾಯಿ.

ನಮ್ಮ ಮೈ ಜುಂ ಅಂದದ್ದು ಇಲ್ಲಿ. ಆ ಕಲ್ಯಾಣಸ್ವಾಮಿ ನಿಜವಾದ ಕಲ್ಯಾಣಸ್ವಾಮಿ ಅಲ್ಲ. ಪುಟ್ಟಬಸಪ್ಪ ಎಂಬ ಯುವಕನಿಗೆ ಕೊಡಗಿನ ರಾಜವಂಶದ ಕಲ್ಯಾಣಸ್ವಾಮಿ ಅಂತ ಹೆಸರಿಟ್ಟು, ಪೂಮಲೆಯಲ್ಲಿ ಪಟ್ಟ ಕಟ್ಟಿ, ಮುಂದೆ ನಿಲ್ಲಿಸಿದರು. ಅಂದರೆ ಇಡೀ ದಂಗೆಯ ನಡುವೆ ಒಬ್ಬ ಪಾತ್ರಧಾರಿ ಇದ್ದ. ಅವನು ಆ ಪಾತ್ರ ಬಿಟ್ಟು ಎದ್ದು ಹೋಗುವಂತಿರಲಿಲ್ಲ. ಇಂಥ ಕತೆಗೆ ನಾವು ದಾಳ ಉರುಳಿಸಿ ಹಡಗು ಮುಳುಗಿಸಿದ್ದೆವು.

ಎರಡನೇ ಆಟ ಒಂದೇ ಪುಟದ್ದು. ಹೆಸರು "ಹದಿಮೂರು ದಿನ". ದಾಳ ಇಲ್ಲ. ಬೋರ್ಡ್ ಅಂದರೆ ಚೆನ್ನೆಮಣೆ, ನಮ್ಮಲ್ಲೊಬ್ಬಳ ಮನೆಯ ಅಟ್ಟದಲ್ಲಿದ್ದದ್ದು. (ಆಟಿ ತಿಂಗಳಲ್ಲದೆ ಬೇರೆ ಸಮಯದಲ್ಲಿ ಮಣೆ ಇಳಿಸಬಾರದು ಅಂತ ಅವಳಜ್ಜಿ ತಕರಾರು ಮಾಡಿದರು. ಚೆನ್ನೆ ಆಡುವುದಲ್ಲ ಅಜ್ಜಿ, ಪ್ರಾಜೆಕ್ಟ್ ಅಂತ ಹೇಳಿ ತಂದದ್ದು.) ಚೆನ್ನೆಮಣೆಗೆ ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ. ಹದಿಮೂರು ಗುಳಿ ಹದಿಮೂರು ದಿನ. ಹದಿನಾಲ್ಕನೆಯದು ಆಮೇಲಿನದ್ದು. ಗುಳಿಗೆ ನಾಲ್ಕು ಮಂಜೊಟ್ಟಿ ಬೀಜ, ಚೆನ್ನೆಗೆ ಹಾಕುವ ಹಾಗೆಯೇ. ಆಡುವವರು ನಾಲ್ಕು ಜನ, ಮೇಲೆ ಒಬ್ಬರು ಭಾಗವತರು. ಲೆಕ್ಕ ಹೀಗೆ ಕೂಡಿಬಂದದ್ದು ನೋಡಿ ನಮಗೇ ಆಶ್ಚರ್ಯ.

ಪಾತ್ರಗಳಲ್ಲಿ ರಾಮಯ್ಯ ಗೌಡರಿಲ್ಲ, ಕಲ್ಯಾಣಸ್ವಾಮಿ ಇಲ್ಲ. ಅವರು ಸುದ್ದಿಯಾಗಿ ಬರುತ್ತಾರೆ ಅಷ್ಟೇ. ಇರುವವರು ನಗದು ಕಟ್ಟಲಾಗದ ಒಬ್ಬ ರೈತ, ಮಂಗಳೂರಿನ ಕಚೇರಿಯ ಗುಮಾಸ್ತ, ಪಾಣೆಮಂಗಳೂರಿನಲ್ಲಿ ನೇತ್ರಾವತಿ ದಾಟಿಸುವ ದೋಣಿಯವ, ಮಗನನ್ನು ಕಳಿಸಿ ಬೆಳ್ಳಾರೆಯಲ್ಲಿ ಕಾಯುವ ಒಬ್ಬ ತಾಯಿ. ಮಾತಾಡಬೇಕಾದರೆ ಆ ದಿನದ ಗುಳಿಯಿಂದ ಒಂದು ಬೀಜ ತೆಗೆಯಬೇಕು. ಎದುರಿನವರ ಮಾತು ನಿಮಗೆ ನಿಜವಾಗಿ ತಾಗಿದರೆ ನಿಮ್ಮ ಬೀಜ ಅವರಿಗೆ ಕೊಡಬೇಕು, ತಾಗಿತೋ ಇಲ್ಲವೋ ಹೇಳುವವರು ನೀವೇ. ಗುಳಿ ಖಾಲಿಯಾದರೆ ದಿನ ಮುಗಿಯಿತು. ಹದಿನಾಲ್ಕನೇ ಗುಳಿಗೆ ಬಂದಾಗ ಕಂಪನಿ ವಾಪಸ್ ಬಂದಿದೆ. ಎಷ್ಟು ಬೀಜ ಇದ್ದರೂ ಅದು ಬದಲಾಗುವುದಿಲ್ಲ. ಕೈಯಲ್ಲಿರುವ ಒಂದೊಂದು ಬೀಜಕ್ಕೆ ಒಂದೊಂದು ವಾಕ್ಯ: ನಿಮ್ಮ ಪಾತ್ರದ ನಂತರ ಉಳಿದದ್ದೇನು, ಯಾರ ಬಾಯಲ್ಲಿ, ಯಾವ ಮನೆಯಲ್ಲಿ.

ಮೊದಲ ಸಲ ಆಡಿದಾಗ ದೋಣಿಯವನಾದದ್ದು ಗದಗ ಕಡೆಯ ನಮ್ಮ ಸಿವಿಲ್ ಗೆಳೆಯ. ಕರಾವಳಿ ಕನ್ನಡ ಬರುವುದಿಲ್ಲ, ತುಳು ಕೇಳಲೇಬೇಡಿ. ರೈತ ಬಂದು ನಾಡಿಗಾಗಿ ಹೊಳೆ ದಾಟಿಸು ಅಂತ ಎರಡು ನಿಮಿಷ ಆವೇಶದ ಭಾಷಣ ಬಿಗಿದ. ಇವನು ಒಂದು ಬೀಜ ತೆಗೆದ. "ನೀವ್ ಗೆದ್ರೂ ನನ್ನ ಕೈಯಾಗ ಇದ ಹುಟ್ಟು, ಸೋತ್ರೂ ಇದ ಹುಟ್ಟು. ದಾಟಸ್ತೀನಿ. ಆದ್ರ ನಾಡಿನ ಹೆಸರು ತಗೀಬ್ಯಾಡ, ಬಾಡಿಗಿ ಕೊಡು." ರೈತನಾದವನು ಏನೂ ಮಾತಾಡದೆ ಬೀಜ ಮುಂದಕ್ಕೆ ತಳ್ಳಿದ. ಕೊನೆಯಲ್ಲಿ ದೋಣಿಯವನ ಕೈಯಲ್ಲಿ ಒಂಬತ್ತು ಬೀಜ. ಅವನ ಒಂಬತ್ತು ವಾಕ್ಯಗಳಲ್ಲಿ ಒಂದು, ತಿರುಗಿ ಬರಲು ಯಾರೂ ಇಲ್ಲದೆ ಆಚೆ ದಡದಲ್ಲಿ ಕಾದ ಖಾಲಿ ದೋಣಿಯ ಬಗ್ಗೆ. ಸುಳ್ಯದವನು ಅವತ್ತೂ ಚಪ್ಪಾಳೆ ತಟ್ಟಲಿಲ್ಲ. ಆದರೆ ಮರುದಿನ ಅವನೇ ಬಂದು ಮತ್ತೆ ಯಾವಾಗ ಆಡುವುದು ಅಂತ ಕೇಳಿದ.

ಕೊನೆ ಗೊತ್ತಿದ್ದರೆ ಅದು ಆಟ ಹೇಗಾಗುತ್ತದೆ, ನಾಟಕ ಅಲ್ವಾ ಅಂತ ನಮ್ಮಲ್ಲೇ ಕೆಲವರು ಈಗಲೂ ಜಗಳಕ್ಕೆ ಬರುತ್ತಾರೆ. ಅವರಿಗೆ ಟೆನ್ ಕ್ಯಾಂಡಲ್ಸ್ ತೋರಿಸುತ್ತೇವೆ. ಹತ್ತು ಮೊಂಬತ್ತಿ ಹಚ್ಚಿಟ್ಟು ಆಡುವ ಅಮೆರಿಕದ ಆಟ, ಕೊನೆಯ ಮೊಂಬತ್ತಿ ಆರುವಾಗ ಎಲ್ಲ ಪಾತ್ರಗಳೂ ಸಾಯುತ್ತವೆ ಅಂತ ಮೊದಲೇ ಹೇಳಿಯೇ ಶುರು. ಅಲ್ಲಿನವರಿಗೆ ಅದು ಹೊಸತು. ನಮ್ಮಲ್ಲಿ ಕರ್ಣ ಎಷ್ಟು ಸಲ ಸತ್ತಿಲ್ಲ, ಜನ ಪುನಃ ಕೇಳಲು ಬರುವುದಿಲ್ಲವಾ?

ಇದಕ್ಕಿಂತ ಕಷ್ಟದ ಜಗಳ ಇನ್ನೊಂದು. ಫ್ಯಾಂಟಸಿ ಬೇಕು ಅಂತ ನಮ್ಮಲ್ಲೊಬ್ಬ ಗುಳಿಗನನ್ನು ಬಾಸ್ ಮಾಡಿ ಬರೆದುಕೊಂಡು ಬಂದ: ಹಿಟ್ ಪಾಯಿಂಟ್ 120, ಅಟ್ಯಾಕ್ ಇಷ್ಟು. ಗ್ರೂಪಿನಲ್ಲಿ ವರ್ಷಾ ವರ್ಷಾ ಮನೆಯಲ್ಲಿ ಕೋಲ ನಡೆಯುವವಳು ಇದ್ದಾಳೆ. ಅವಳು ಸಿಟ್ಟಾಗಲಿಲ್ಲ, ಕಾಗದ ಮಡಚಿ ವಾಪಸ್ ಕೊಟ್ಟಳು. "ನಿನಗೆ ಇದು ಕತೆ. ನಮಗೆ ತಪ್ಪಾದರೆ ಕೇಳುವವರು ಇದ್ದಾರೆ." ದೇವರ ವಿಷಯ, ಹೆದರಿ ಬಿಟ್ಟೆವು ಅಂತ ಅಂದುಕೊಳ್ಳಬೇಡಿ. ಬೇರೆಯವರು ಕೈಮುಗಿಯುವುದನ್ನು ಹೊಡೆದು ಸಾಯಿಸುವ ಗುರಿಯಾಗಿ ಮಾಡುವುದು ಕಲ್ಪನೆಯ ಬಡತನ ಅಂತ ನಮಗೆ ಅನ್ನಿಸಿತು. ಡ್ರ್ಯಾಗನ್ ಇದ್ದ ಜಾಗಕ್ಕೆ ದೈವದ ಹೆಸರು ಅಂಟಿಸಿದರೆ ಆಟ ತುಳುನಾಡಿನದ್ದಾಗುವುದಿಲ್ಲ, ಅಮೆರಿಕದ ಆಟಕ್ಕೆ ಲೋಕಲ್ ಸ್ಟಿಕ್ಕರ್ ಆಗುತ್ತದೆ.

ಫ್ಯಾಂಟಸಿಗೆ ನಮ್ಮಲ್ಲಿ ಬರವಾ? ಮೂಡುಬಿದಿರೆಯ ಚೌಟರ ಅರಮನೆಗೆ ಹೋಗಿ ಮರದ ಕಂಬ ನೋಡಿ. ಒಂಬತ್ತು ಹೆಂಗಸರು ಒಬ್ಬರಿಗೊಬ್ಬರು ಹೆಣೆದುಕೊಂಡು ಒಂದು ಆನೆಯಾಗಿದ್ದಾರೆ, ನವನಾರಿ ಕುಂಜರ. ಐದು ಜನ ಸೇರಿ ಕುದುರೆಯಾದದ್ದೂ ಉಂಟು. ನಮ್ಮ ಮುಂದಿನ ಆಟ ಅದೇ. ಒಬ್ಬೊಬ್ಬರು ಆನೆಯ ಒಂದೊಂದು ಅಂಗ, ಕಾಲಾದವಳಿಗೆ ಕಾಡಿಗೆ ಹೋಗಬೇಕು, ಸೊಂಡಿಲಾದವಳಿಗೆ ಊರಿಗೆ, ಆನೆ ಬೀಳದೆ ನಡೆಯಬೇಕು. ಗ್ರೂಪ್ ಪ್ರಾಜೆಕ್ಟ್ ಮಾಡಿದವರಿಗೆ ಬೇರೆ ವಿವರಣೆ ಬೇಡ. ಆಟ ಮಾಡುವುದು ದೊಡ್ಡವರ ಕೆಲಸ ಅಲ್ಲ ಅನ್ನುವವರಿಗೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರು ಹೇಳಬಹುದು. ಅವರ ಶ್ರೀತತ್ತ್ವನಿಧಿಯ ಒಂಬತ್ತನೇ ಭಾಗ ಕೌತುಕನಿಧಿ ಆಟಗಳದ್ದೇ.

ನಮ್ಮ ಆಟದಲ್ಲಿ ತೊಂದರೆ ಇಲ್ಲ ಅಂತ ಅಲ್ಲ. ಬಾಯಿ ಜೋರಿದ್ದವನೇ ಬೀಜ ಗೆಲ್ಲುತ್ತಾನೆ. ಮೂರನೇ ಸಲ ಗುಮಾಸ್ತನಾದವನು ಎಷ್ಟು ಕೊರೆದ ಅಂದರೆ ತಾಯಿಯ ಪಾತ್ರದವಳಿಗೆ ಐದನೇ ದಿನದವರೆಗೆ ಬಾಯಿ ತೆರೆಯಲು ಆಗಲಿಲ್ಲ. ಈಗ ಭಾಗವತರ ಕೈಗೆ ಒಂದು ಸ್ಟೀಲ್ ಲೋಟ, ಒಂದು ಚಮಚ ಕೊಟ್ಟಿದ್ದೇವೆ. ಲೋಟ ಬಡಿದರೆ ಪದ್ಯ ಎತ್ತಿದ ಹಾಗೆ, ಮಾತು ಅಲ್ಲಿಗೇ ನಿಲ್ಲಬೇಕು. ಕನ್ನಡದಲ್ಲಿ ಎರಡು ನಿಮಿಷ ಮಾತಾಡಲು ಒದ್ದಾಡುವವರಿಗೆ ಇಂಗ್ಲಿಷ್ ಪದ ಬಂದರೆ ದಂಡ ಹಾಕುವ ಅಂತ ಒಬ್ಬರು ಹೇಳಿದರು. ಬೇಡ ಅಂತ ತೀರ್ಮಾನಿಸಿದೆವು. ಒಂದೆರಡು ಸಲ ಆಡಿದ ಮೇಲೆ ತಾಯಿಯಾದವಳ ಬಾಯಲ್ಲಿ "ಆಕ್ಚುವಲಿ" ತನ್ನಷ್ಟಕ್ಕೆ ಬಿದ್ದುಹೋಯಿತು, ಯಾರೂ ಹೇಳಿಕೊಟ್ಟದ್ದಲ್ಲ.

ಶನಿವಾರ ಸಂಜೆ ಐದಕ್ಕೆ ಕ್ಯಾಂಟೀನ್ ಮೇಲಿನ ರೂಮಿನಲ್ಲಿ ಆಡುತ್ತೇವೆ. ನಿಯಮದ ಹಾಳೆ ಕನ್ನಡ ಸಂಘದ ನೋಟಿಸ್ ಬೋರ್ಡಿನಲ್ಲಿ ಉಂಟು, ಫೋಟೋ ತೆಗೆದುಕೊಳ್ಳಿ, ಬೇಕಾದ ಹಾಗೆ ತಿದ್ದಿ. ಕಳೆದ ವಾರ ಆಡಿದ ಮೇಲೆ ಎರಡು ಮಂಜೊಟ್ಟಿ ಬೀಜ ಕಾಣುತ್ತಿಲ್ಲ. ಯಾರ ಜೇಬಿನಲ್ಲಾದರೂ ಇದ್ದರೆ ದಯವಿಟ್ಟು ತಂದುಕೊಡಿ, ಅಜ್ಜಿ ಎಣಿಸಿ ಕೊಟ್ಟದ್ದು.