ದ್ವೀಪ ಯಾರದೆಂದು ಕೇಳುವವರೇ, ದಡ ಯಾರದೆಂದು ಹೇಳಿ!

ಚಳವಳಿಗೆ ಹೊಸದಾಗಿ ಬಂದ ಗೆಳೆಯರಿಗಾಗಿ ನಾವು ಮೈಸೂರಿನಲ್ಲಿ ನಡೆಸುವ ಭಾನುವಾರದ ಸಭೆಗಳಲ್ಲಿ ಒಂದು ಚರ್ಚೆ ಕಾವೇರಿದೆ. ಬಂದವರಲ್ಲಿ ಹೆಬ್ಬಾಳದ ಕಾರ್ಖಾನೆಗಳ ಕಾರ್ಮಿಕರಿದ್ದಾರೆ, ಸಿದ್ಧ ಉಡುಪಿನ ಘಟಕಗಳಲ್ಲಿ ಹೊಲಿಯುವ ತಾಯಂದಿರಿದ್ದಾರೆ, ದೇವರಾಜ ಮಾರುಕಟ್ಟೆಯ ಸಣ್ಣ ಅಂಗಡಿಗಳ ಹುಡುಗರಿದ್ದಾರೆ. ಮಾತು ಎದ್ದದ್ದು ಕಚ್ಚತೀವಿನ ಮೇಲೆ. 1974ರಲ್ಲಿ ಇಂದಿರಾ ಗಾಂಧಿಯವರ ಸರ್ಕಾರ ಸಿಂಹಳಕ್ಕೆ ಒಪ್ಪಿದ ಆ ಪುಟ್ಟ ದ್ವೀಪ 2024ರ ಲೋಕಸಭಾ ಚುನಾವಣೆಯಲ್ಲಿ ವೇದಿಕೆ ವೇದಿಕೆಗೂ ಏರಿತಷ್ಟೆ. ಆಗ ಒಬ್ಬ ಗೆಳೆಯ, "ಅಷ್ಟು ದೂರವೇಕೆ? ನಮ್ಮ ಕಾರವಾರದ ಎದುರಿಗೇ ಇರುವ ಅಂಜದೀವು ಗೋವಾದ ಲೆಕ್ಕದಲ್ಲಿದೆ. ಅದನ್ನೇಕೆ ಕೇಳಬಾರದು?" ಎಂದ. ಅಲ್ಲಿಗೆ ಸಭೆ ಮೂರು ಪಾಲಾಯಿತು. ಕರ್ನಾಟಕದ್ದೆಂದು ಕೆಲವರು, ಗೋವಾದ್ದೆಂದು ಕೆಲವರು, ನೌಕಾಪಡೆಯದೆಂದು ಉಳಿದವರು.

ಹೊಸಬರು ವಾದ ಮಾಡುವುದು ನಮಗೆ ಸಂತೋಷ. ಬಾಯಿ ಮುಚ್ಚಿ ಕುಳಿತವರಿಂದ ಯಾವ ಚಳವಳಿಯೂ ಬೆಳೆಯದು. ಆದರೆ ಮೂರು ಪಾಳೆಯದವರಲ್ಲಿ ಒಬ್ಬರೂ ಕೇಳದ ಪ್ರಶ್ನೆಯೊಂದಿದೆ. ಆ ದ್ವೀಪದ ಎದುರಿನ ದಡದಲ್ಲಿ ಉತ್ತು, ಬಲೆ ಬೀಸಿ ಬದುಕುತ್ತಿದ್ದ ಜನ ಏನಾದರು? ಈ ಲೇಖನ ಆ ಪ್ರಶ್ನೆಗಾಗಿ.

ಭೂಪಟ ಹೇಳುವುದು

ಭೂಪಟ ಬಿಡಿಸಿ ನೋಡಿ. ಕಾರವಾರದ ತೆಂಕಣಕ್ಕೆ, ಬಿಣಗಾ ಮತ್ತು ಅರಗಾ ಊರುಗಳ ಎದುರಿಗೆ, ದಡದಿಂದ ಎರಡು ಮೈಲಿಯೊಳಗೆ ಅಂಜದೀವು ಇದೆ. ಕನ್ನಡ ನೆಲದಲ್ಲಿ ನಿಂತು ನೋಡಿದರೆ ಅದರ ಮರಗಳು ಕಾಣುತ್ತವೆ. ಆದರೂ ಕಂದಾಯದ ಪುಸ್ತಕದಲ್ಲಿ ಅದು ಗೋವಾದ ಕಾಣಕೋಣ ತಾಲ್ಲೂಕಿಗೆ ಸೇರಿದೆ. ಕಾರಣ ಸರಳ. ಪೋರ್ಚುಗೀಸರು ಬಿಟ್ಟುಹೋದದ್ದೆಲ್ಲ ಗೋವಾದ ಪಾಲಿಗೆ ಬಂತು. ಭಾಷೆ ಯಾವುದು, ದಡ ಯಾವುದು ಎಂದು ಯಾರೂ ಕೇಳಲಿಲ್ಲ. ಪರದೇಶದ ದೊರೆ ಎಳೆದ ಗೆರೆಯೇ ನಮ್ಮ ಗೆರೆಯಾಯಿತು.

ಆ ದ್ವೀಪದ ಚರಿತ್ರೆಯೆಂದರೆ ಹೊಸದಾಗಿ ಬಂದಿಳಿದವರ ಚರಿತ್ರೆ. 1498ರಲ್ಲಿ ವಾಸ್ಕೋ ಡ ಗಾಮ ಊರಿಗೆ ಮರಳುವಾಗ ಅಲ್ಲಿ ಹಡಗು ನಿಲ್ಲಿಸಿ ರಿಪೇರಿ ಮಾಡಿಸಿದ. 1505ರಲ್ಲಿ ಅಲ್ಮೇಡ ಕೋಟೆ ಕಟ್ಟಿಸಿದ. ಕೆಲವೇ ವರ್ಷದಲ್ಲಿ ಅದನ್ನು ಅವರೇ ಕೆಡವಿದರು. 1661ರಲ್ಲಿ ಇಂಗ್ಲೆಂಡಿನ ರಾಜ ಎರಡನೆಯ ಚಾರ್ಲ್ಸನಿಗೆ ಪೋರ್ಚುಗಲ್ಲಿನ ರಾಜಕುಮಾರಿಯನ್ನು ಕೊಡುವ ಒಪ್ಪಂದವಾಯಿತು. ವರದಕ್ಷಿಣೆ ಮುಂಬಯಿ! ಅದನ್ನು ವಶಕ್ಕೆ ತೆಗೆದುಕೊಳ್ಳಲು ಅಬ್ರಹಾಂ ಶಿಪ್‌ಮನ್ ಎಂಬ ಅಧಿಕಾರಿ ನಾನೂರಕ್ಕೂ ಹೆಚ್ಚು ಸಿಪಾಯಿಗಳೊಡನೆ ಬಂದ. ಪೋರ್ಚುಗೀಸ್ ಅಧಿಕಾರಿಗಳು ತಕರಾರು ತೆಗೆದರು. ಸಿಪಾಯಿಗಳನ್ನು ಅಂಜದೀವಿನಲ್ಲಿ ಇಳಿಸಲಾಯಿತು. ಎರಡು ಮಳೆಗಾಲ ಅಲ್ಲಿಯೇ ಕೊಳೆತರು. 1664ರಲ್ಲಿ ಶಿಪ್‌ಮನ್ನನೂ ಸತ್ತ. 1665ರಲ್ಲಿ ಮುಂಬಯಿ ಕೈಗೆ ಬಂದಾಗ ಬದುಕಿ ಉಳಿದಿದ್ದ ಸಿಪಾಯಿಗಳು ನೂರರ ಆಸುಪಾಸು.

ಮದುವೆ ರಾಜನದು, ಸೀಮೆ ರಾಜನದು, ಹೆಣ ಮಾತ್ರ ಬಡ ಸಿಪಾಯಿಯದು. ದ್ವೀಪಕ್ಕಾಗಿ ನಡೆಯುವ ಜಗಳಗಳ ಜಮಾಖರ್ಚು ಅಂದೂ ಹೀಗೆಯೇ ಇತ್ತು.

ನಮ್ಮ ಊರಿನ ಹೆಸರು ಹೊತ್ತ ಹಡಗು

1961ರ ಮಾತಿಗೆ ಬರೋಣ. ಸ್ವಾತಂತ್ರ್ಯ ಬಂದು ಹದಿನಾಲ್ಕು ವರ್ಷವಾದರೂ ಪೋರ್ಚುಗೀಸರು ಗೋವಾ ಬಿಟ್ಟಿರಲಿಲ್ಲ. ಆ ವರ್ಷದ ನವೆಂಬರ್ 17ರಂದು ಅಂಜದೀವಿನಿಂದ ನಮ್ಮ 'ಸಾಬರ್ಮತಿ' ಹಡಗಿನ ಮೇಲೆ ಗುಂಡು ಹಾರಿತು. ಮುಂದಿನ ವಾರ ಮೀನುಗಾರರ ದೋಣಿಯ ಮೇಲೆ ಗುಂಡು ಬಿತ್ತು, ಒಬ್ಬ ಮೀನುಗಾರ ಸತ್ತ. ಡಿಸೆಂಬರ್ 18ರಂದು ನಮ್ಮ ನೌಕಾಪಡೆಯ 'ತ್ರಿಶೂಲ್' ಮತ್ತು 'ಮೈಸೂರ್' ಎಂಬ ಎರಡು ಹಡಗುಗಳು ದ್ವೀಪದತ್ತ ನಡೆದವು. ಬಿಳಿ ಬಾವುಟ ಕಂಡು ಇಳಿದ ನಾವಿಕರ ಮೇಲೆ ಗುಂಡಿನ ಮಳೆಯಾಯಿತು. ಏಳು ಮಂದಿ ನಾವಿಕರು ಪ್ರಾಣ ಕೊಟ್ಟರು. ಮರುದಿನ ದ್ವೀಪ ನಮ್ಮದಾಯಿತು.

ಮೈಸೂರಿನ ಜನ ಆ ಹಡಗಿನ ಹೆಸರು ಕೇಳಿ ಹೆಮ್ಮೆಪಡುವುದು ಸಹಜ. ನಾವೂ ಪಡುತ್ತೇವೆ. ಆದರೆ ಒಂದು ನೆನಪಿರಲಿ. ದೇಶದ ಸಿಟ್ಟು ಕೆರಳಿದ್ದು ಹಡಗಿನ ಮೇಲೆ ಬಿದ್ದ ಗುಂಡಿನಿಂದಷ್ಟೇ ಅಲ್ಲ, ಒಬ್ಬ ಮೀನುಗಾರನ ಸಾವಿನಿಂದಲೂ. ಅವನ ರಕ್ತ ನಮ್ಮ ಹಕ್ಕಿನ ಸಾಕ್ಷಿಯಾಯಿತು. ಅವನ ಕುಲದವರಿಗೆ ಆಮೇಲೆ ಸಿಕ್ಕಿದ್ದೇನು? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆ ಸುಮ್ಮನೆ ಹುಟ್ಟಿತೆ?

ಸಮುದ್ರಕ್ಕೆ ಪಹಣಿ ಉಂಟೆ?

1986ರ ಅಕ್ಟೋಬರ್‌ನಲ್ಲಿ ಪ್ರಧಾನಿ ರಾಜೀವ ಗಾಂಧಿ ಕಾರವಾರದಲ್ಲಿ 'ಸೀಬರ್ಡ್' ನೌಕಾನೆಲೆಗೆ ಅಡಿಗಲ್ಲು ಹಾಕಿದರು. ಕಾರವಾರದಿಂದ ಅಂಕೋಲೆಯವರೆಗಿನ ಕರಾವಳಿಯಲ್ಲಿ ಸುಮಾರು 11 ಸಾವಿರ ಎಕರೆ ನೆಲ ಅದಕ್ಕೆ ಹೋಯಿತು. ಅರಗಾ, ಬಿಣಗಾ, ಚೆಂಡಿಯಾ, ಹಾರವಾಡದಂಥ ಊರುಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ನೆಲೆ ಕಳೆದುಕೊಂಡವು. ಹೆದ್ದಾರಿಯನ್ನೂ ಪಕ್ಕಕ್ಕೆ ಸರಿಸಿದರು. ಸಮುದ್ರದಲ್ಲಿ ಕಲ್ಲು ಸುರಿದು ಅಲೆ ತಡೆಯುವ ಗೋಡೆ ಕಟ್ಟಿ ಅಂಜದೀವನ್ನು ದಡಕ್ಕೆ ಜೋಡಿಸಿದರು. 2005ರ ಮೇ 31ರಂದು ನೆಲೆಗೆ 'ಕದಂಬ' ಎಂಬ ಹೆಸರಿಟ್ಟು ನೌಕಾಪಡೆಗೆ ಸೇರಿಸಿದರು. ಕನ್ನಡದ ಮೊದಲ ರಾಜವಂಶದ ಹೆಸರು ಬೋರ್ಡಿಗೆ ಬಂತು, ಕನ್ನಡದ ರೈತ ಬೇಲಿಯ ಹೊರಗಾದ.

ಪರಿಹಾರ ಕೊಟ್ಟರಲ್ಲ ಎನ್ನುತ್ತೀರಾ? ಕೊಟ್ಟ ಬಗೆ ಕೇಳಿ. ಆಗ ನಡೆಯುತ್ತಿದ್ದದ್ದು ಬ್ರಿಟಿಷರು 1894ರಲ್ಲಿ ಮಾಡಿದ ಭೂಸ್ವಾಧೀನ ಕಾಯಿದೆ. ನೋಟೀಸು ಬಂದ ದಿನದ ಆಸುಪಾಸಿನಲ್ಲಿ ಊರಿನಲ್ಲಿ ನೋಂದಣಿಯಾದ ಕ್ರಯಪತ್ರ ನೋಡಿ ಬೆಲೆ ಕಟ್ಟುವುದು ಅದರ ಪದ್ಧತಿ. ಅಪ್ಪನಿಂದ ಮಗನಿಗೆ ಬರುವ ಗದ್ದೆಯನ್ನು ಯಾರು ಮಾರುತ್ತಾರೆ? ಮಾರಿದರೂ ಪತ್ರದಲ್ಲಿ ಪೂರ್ತಿ ಬೆಲೆ ಯಾರು ಬರೆಸುತ್ತಾರೆ? ಹೀಗೆ ಬಂಗಾರದಂಥ ತೆಂಗಿನ ತೋಟಕ್ಕೆ ತವುಡಿನ ಬೆಲೆ ಬಂತು. ಸಾಲದೆನಿಸಿದವನು ಕೋರ್ಟಿಗೆ ಹೋಗಬೇಕು. ಹೋದರು. ಮೊಕದ್ದಮೆಗಳು ದಶಕಗಟ್ಟಲೆ ನಡೆದವು. ಅರ್ಜಿ ಹಾಕಿದ ಎಷ್ಟೋ ಮಂದಿ ತೀರ್ಪು ಕೇಳಲು ಉಳಿಯಲಿಲ್ಲ.

ಇನ್ನು ಪಹಣಿಯೇ ಇಲ್ಲದವರ ಗತಿ? ಪರರ ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸಿಗೆ ಯಾವ ಕ್ರಯಪತ್ರ? ಹರಿಕಾಂತರು, ಖಾರ್ವಿಗಳು ತಲೆಮಾರಿನಿಂದ ಬಲೆ ಬೀಸಿದ ನೀರಿಗೆ ಯಾವ ಸರ್ವೆ ನಂಬರು? ಸಮುದ್ರಕ್ಕೆ ಪಹಣಿ ಇಲ್ಲ. ಆದ್ದರಿಂದ ಸಮುದ್ರ ಕಳೆದುಕೊಂಡವನು ಏನನ್ನೂ ಕಳೆದುಕೊಳ್ಳಲಿಲ್ಲವೆಂದು ಆ ಕಾಯಿದೆ ಲೆಕ್ಕ ಹಾಕಿತು. ಆ ಕಾಯಿದೆ ಹೋಗಿ ಹೊಸದು ಜಾರಿಗೆ ಬಂದದ್ದು 2014ರ ಜನವರಿಯಲ್ಲಿ. ಅಷ್ಟರಲ್ಲಿ ಕಾರವಾರದ ಗದ್ದೆಯ ಮೇಲೆ ಬೇಲಿ ಬಿದ್ದು ಕಾಲು ಶತಮಾನ ಕಳೆದಿತ್ತು.

ಗಡಿಯ ಆಚೆಯ ಬಡವನ ಕಥೆಯೂ ಬೇರೆಯಲ್ಲ. ಅಂಜದೀವಿನಲ್ಲಿ ಬ್ರೋತಸ್ ಮಾತೆಯ ಹಳೆಯ ಇಗರ್ಜಿಯೊಂದಿದೆ. ಗೋವಾದ ಭಕ್ತರು ಹಬ್ಬಕ್ಕೆ ದೋಣಿಯಲ್ಲಿ ಬರುತ್ತಿದ್ದರು. ನೌಕಾನೆಲೆಯಾದ ಮೇಲೆ ಆ ಯಾತ್ರೆಗೂ ತಡೆ ಬಿತ್ತು. ದ್ವೀಪ ಗೋವಾದ್ದೆಂದು ಕಾಗದ ಹೇಳುತ್ತದೆ, ಗೋವಾದ ಭಕ್ತನಿಗೆ ಬಾಗಿಲಿಲ್ಲ. ದಡ ಕರ್ನಾಟಕದ್ದೆಂದು ಕಾಗದ ಹೇಳುತ್ತದೆ, ಕರ್ನಾಟಕದ ರೈತನಿಗೆ ನೆಲವಿಲ್ಲ. ಹಾಗಾದರೆ ಎರಡು ರಾಜ್ಯಗಳ ಹೆಸರಿನಲ್ಲಿ ನಾವು ಕಚ್ಚಾಡಿ ಗೆಲ್ಲುವುದೇನು?

"ದೇಶದ ರಕ್ಷಣೆ ಬೇಡವೆ?"

ಈ ಮಾತು ಎತ್ತಿದೊಡನೆ ಒಂದು ದೊಣ್ಣೆ ಮೇಲೇಳುತ್ತದೆ. "ಹಡಗು ನಿಲ್ಲಿಸಲು ಜಾಗ ಬೇಡವೆ? ನೀವು ದೇಶದ ವಿರೋಧಿಗಳೆ?"

ಬೇಕು. ನೌಕಾಪಡೆ ಬೇಕು, ನೆಲೆಯೂ ಬೇಕು. ಆದರೆ ದೇಶಪ್ರೇಮದ ಪಾಠವನ್ನು ಆ ಕರಾವಳಿಗೆ ಕಲಿಸಲು ಹೊರಟವರು ಮೊದಲು ಚರಿತ್ರೆ ಓದಲಿ. 1930ರಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿದ ನೆಲ ಅಂಕೋಲೆ. ಕರನಿರಾಕರಣೆ ಮಾಡಿ ಬ್ರಿಟಿಷರಿಗೆ ಗದ್ದೆ, ದನ, ಪಾತ್ರೆ ಕಳೆದುಕೊಂಡವರು ಅಲ್ಲಿನ ರೈತರು. ದಿನಕರ ದೇಸಾಯಿಯವರ ಜೊತೆ ಗೇಣಿದಾರರ ಹೋರಾಟ ಕಟ್ಟಿದವರೂ ಆ ಜಿಲ್ಲೆಯವರೇ. ನಮ್ಮ ಹುಣಸೂರಿನ ದೇವರಾಜ ಅರಸರ ಭೂಸುಧಾರಣೆ 1974ರಲ್ಲಿ ಬಂದಾಗ ಆ ಗೇಣಿದಾರರು ಒಡೆಯರಾದರು. ಹನ್ನೆರಡೇ ವರ್ಷಕ್ಕೆ ಅದೇ ಕರಾವಳಿಗೆ ಸ್ವಾಧೀನದ ನೋಟೀಸು ಬಂತು. ಹಕ್ಕುಪತ್ರದ ಮಸಿಯಾದರೂ ಆರಿತ್ತೆ?

ನಮ್ಮ ತಕರಾರು ನೆಲೆಯ ಮೇಲಲ್ಲ, ಲೆಕ್ಕದ ಮೇಲೆ. ರಕ್ಷಣೆ ದೇಶಕ್ಕೆಲ್ಲ ಸಿಕ್ಕಿದರೆ ಅದರ ಬೆಲೆಯನ್ನು ಹದಿಮೂರು ಹಳ್ಳಿಗಳ ತಲೆಗೆ ಮಾತ್ರ ಏಕೆ ಕಟ್ಟುತ್ತೀರಿ? ಅದೇ ಕಾರವಾರ ತಾಲ್ಲೂಕು ಕದ್ರಾ ಅಣೆಕಟ್ಟಿಗೆ ನೆಲ ಕೊಟ್ಟಿತು, ಕೈಗಾ ಅಣುಸ್ಥಾವರಕ್ಕೆ ಕೊಟ್ಟಿತು. ತ್ಯಾಗ ಮಾಡುವವರು ಯಾವಾಗಲೂ ಅವರೇ, ಭಾಷಣ ಮಾಡುವವರು ಯಾವಾಗಲೂ ಬೇರೆಯವರೇ!

ಡಾ. ಲೋಹಿಯಾರನ್ನು ನೆನೆಯಿರಿ. 1946ರ ಜೂನ್ 18ರಂದು ಮಡಗಾಂವಿನಲ್ಲಿ ಪೋರ್ಚುಗೀಸರ ನಿಷೇಧ ಮುರಿದು ಸೆರೆಯಾದವರು ಅವರು. ಅದೇ ಲೋಹಿಯಾ 1951ರಲ್ಲಿ ನಮ್ಮ ಕಾಗೋಡಿನ ಗೇಣಿದಾರರ ಜೊತೆ ನಿಂತು ಸ್ವತಂತ್ರ ಭಾರತದ ಪೊಲೀಸರಿಂದ ಸೆರೆಯಾದರು. ನೆಲದ ಮೇಲಿನ ಬಾವುಟ ಒಂದು ಹೋರಾಟ, ನೆಲದ ಮೇಲಿನ ಬಾಳು ಇನ್ನೊಂದು ಹೋರಾಟ ಎಂದು ಅವರು ಬಗೆಯಲಿಲ್ಲ. ಮೊದಲನೆಯದನ್ನು ಹಿಡಿದು ಎರಡನೆಯದನ್ನು ಬಿಟ್ಟವನು ಅರ್ಧ ದೇಶಪ್ರೇಮಿ.

ಮೈಸೂರಿಗೂ ಇದಕ್ಕೂ ಏನು ಸಂಬಂಧ?

ಕಾರವಾರ ದೂರ ಎನ್ನಬೇಡಿ. ಹೆಗ್ಗಡದೇವನಕೋಟೆಗೆ ಹೋಗಿ ಕಬಿನಿಯ ನೀರಿನಡಿ ಮುಳುಗಿದ ಹಳ್ಳಿಗಳ ಮಕ್ಕಳನ್ನು ಕೇಳಿ. ನಾಗರಹೊಳೆಯ ಕಾಡಿನಿಂದ ಹೊರಬಿದ್ದ ಜೇನುಕುರುಬರನ್ನು ಕೇಳಿ. ದೇವರಾಜ ಮಾರುಕಟ್ಟೆಯ ಅಂಗಡಿಯವರೇ, 2016ರಲ್ಲಿ ಕಟ್ಟಡದ ಒಂದು ಭಾಗ ಕುಸಿದ ಮೇಲೆ ಕೆಡಹಬೇಕೆ, ಉಳಿಸಬೇಕೆ ಎಂದು ದೊಡ್ಡವರು ವರ್ಷಗಟ್ಟಲೆ ವಾದ ಮಾಡಿದರಲ್ಲ, ನಾಳೆ ನಿಮ್ಮ ತಕ್ಕಡಿ ಎಲ್ಲಿ ತೂಗಬೇಕೆಂದು ಮೊದಲು ಕೇಳಿದವರೆಷ್ಟು? ಕಾರ್ಮಿಕ ಬಂಧುಗಳೇ, ಕಾರ್ಖಾನೆ ಯಾರ ಕೈಗೆ ಹೋಯಿತೆಂದು ಪತ್ರಿಕೆ ಬರೆಯುತ್ತದೆ, ಯಾರ ಕೂಲಿ ಹೋಯಿತೆಂದು ಬರೆಯುತ್ತದೆಯೆ? ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ಒಡೆತನದ ಜಗಳದಲ್ಲೆಲ್ಲ ದುಡಿಯುವವನೇ ಆ ಕೂಸು.

ಆದ್ದರಿಂದ ಹೊಸ ಗೆಳೆಯರಲ್ಲಿ ನಮ್ಮ ಮನವಿ ಇದು. ಅಂಜದೀವಾಗಲಿ, ಕಚ್ಚತೀವಾಗಲಿ, ಬೆಳಗಾವಿಯಾಗಲಿ, ಗಡಿಯ ವಾದಕ್ಕೆ ಇಳಿಯುವ ಮೊದಲು ಮೂರು ಪ್ರಶ್ನೆ ಹಾಕಿ. ಅಲ್ಲಿ ದುಡಿದು ತಿನ್ನುವವರು ಯಾರು? ಗೆರೆ ಸರಿದರೆ ಅವರಿಗೆ ಏನು ಸಿಗುತ್ತದೆ? ಅವರನ್ನು ಯಾರಾದರೂ ಕೇಳಿದ್ದಾರೆಯೆ? ಉತ್ತರ ಕೊಡದೆ ಬಾವುಟ ಬೀಸುವವನು ಯಾವ ಪಕ್ಷದವನಾದರೂ ಅವನ ಹಿಂದೆ ಹೋಗಬೇಡಿ.

ಸರ್ಕಾರಗಳ ಮುಂದೆ ನಾವು ಇಡುವ ಬೇಡಿಕೆಗಳೂ ನೇರವಾಗಿವೆ:

1. ಸೀಬರ್ಡ್ ನಿರಾಶ್ರಿತರ ಪರಿಹಾರದಲ್ಲಿ ಒಂದು ಕಾಸು ಬಾಕಿಯಿದ್ದರೂ ಬಡ್ಡಿ ಸಹಿತ ಕೊಡಬೇಕು. ಕೊಟ್ಟದ್ದೆಷ್ಟು, ಉಳಿದದ್ದೆಷ್ಟು ಎಂಬ ಪಟ್ಟಿಯನ್ನು ಊರೂರಿಗೆ ಅಂಟಿಸಬೇಕು.

2. ನೆಲೆಯ ಕೆಲಸಗಳಲ್ಲಿ ನೆಲ ಕೊಟ್ಟ ಮನೆಗಳ ಮಕ್ಕಳಿಗೆ ಮೊದಲ ಹಕ್ಕು ಇರಬೇಕು. ಕಂಟ್ರಾಕ್ಟುದಾರನ ದಯೆಗೆ ಅವರನ್ನು ಬಿಡಬಾರದು.

3. ಸಮುದ್ರ ಕಳೆದುಕೊಂಡ ಮೀನುಗಾರನ ನಷ್ಟವನ್ನು ಭೂಮಿ ಕಳೆದುಕೊಂಡ ರೈತನ ನಷ್ಟಕ್ಕೆ ಸಮವಾಗಿ ಎಣಿಸಬೇಕು.

4. ವರ್ಷಕ್ಕೆ ಒಂದೆರಡು ದಿನವಾದರೂ, ಭದ್ರತೆಯ ಕಟ್ಟಳೆಗೆ ಒಳಪಟ್ಟು, ಭಕ್ತರಿಗೆ ಇಗರ್ಜಿಯ ದಾರಿ ತೆರೆಯಬೇಕು.

ಇದರಲ್ಲಿ ಯಾವುದು ದೇಶದ್ರೋಹ? ಯಾವುದು ಅಸಾಧ್ಯ? ಸಮುದ್ರಕ್ಕೆ ಕಲ್ಲು ಸುರಿದು ದ್ವೀಪವನ್ನೇ ದಡಕ್ಕೆ ಜೋಡಿಸಬಲ್ಲ ಸರ್ಕಾರಕ್ಕೆ ದಡದ ಜನರನ್ನು ಬದುಕಿಗೆ ಜೋಡಿಸುವುದು ಆಗದ ಕೆಲಸವೆ? ಮನಸ್ಸಿಲ್ಲ ಅಷ್ಟೆ. ಆ ಮನಸ್ಸು ತಾನಾಗಿ ಬರುವುದಿಲ್ಲ. ಮೈಸೂರಿನ ಕಾರ್ಮಿಕ ಕಾರವಾರದ ಮೀನುಗಾರನ ಪರ ದನಿ ಎತ್ತಿದ ದಿನ ಬರುತ್ತದೆ.